ಕೈ ಕಟ್ಟುವ ಕರಾರುಗಳು

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟಕ್ಕೆ ಹೊರಗಿನಿಂದ ಬಂದವರು ಸಾಮಾನ್ಯವಾಗಿ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವನ್ನು ನೋಡಿ, ಶಿಲ್ಪಿಯ ಕೈಚಳಕವನ್ನು ಕೊಂಡಾಡಿ ಹಿಂದಿರುಗುತ್ತಾರೆ. ಅದು ಯೋಗ್ಯವೇ ಸರಿ. ಆದರೆ ಆ ಸೀಮೆಯ ಜನರ ಬದುಕನ್ನು ಅರಿಯಬೇಕೆನ್ನುವವರು ಕಲ್ಲಿನ ಮೇಲಣ ಬರಹಕ್ಕಿಂತ ಮನೆಯ ಪೆಟ್ಟಿಗೆಯೊಳಗಣ ಬರಹವನ್ನು ಓದುವುದು ಲೇಸು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸುತ್ತಿನ ಯಾವುದೇ ಹಳ್ಳಿಯಲ್ಲಿ ಒಬ್ಬ ರೈತನ ಹಳೆಯ ಟ್ರಂಕನ್ನು ತೆರೆದರೆ ಅಲ್ಲಿ ಏನೇನು ದೊರೆಯಬಹುದೆಂದು ಊಹಿಸಿಕೊಳ್ಳೋಣ. ತಾತನು ಎಂದೋ ಹೆಬ್ಬೆಟ್ಟು ಒತ್ತಿಕೊಟ್ಟ ಸಾಲಪತ್ರದ ಒಂದು ನಕಲು. ತಂದೆಯು ಸಕ್ಕರೆ ಕಾರ್ಖಾನೆಗೆ ಬರೆದುಕೊಟ್ಟ ಕಬ್ಬಿನ ಒಪ್ಪಿಗೆಯ ಚೀಟಿ. ಅದರ ಮೇಲೆ, ಮಡಿಕೆ ಕೆಡದ ಹೊಸ ಕಾಗದವಾಗಿ, ಮಗನು ಬೆಂಗಳೂರಿನ ಕಂಪೆನಿಗೆ ಛಾಪಾ ಕಾಗದದ ಮೇಲೆ ರುಜು ಹಾಕಿಕೊಟ್ಟ ಬಾಂಡು.

ಬರೆದವರು ಬೇರೆ, ಬರೆಸಿಕೊಂಡವರು ಬೇರೆ, ಕಾಲವೂ ಬೇರೆ. ಆದರೂ ಅವೆಲ್ಲದರ ಒಳತಿರುಳು ಒಂದೇ. ‘ನನ್ನ ದುಡಿಮೆಯನ್ನಾಗಲಿ, ದುಡಿಮೆಯ ಫಲವನ್ನಾಗಲಿ ಇಂಥವರಿಗಲ್ಲದೆ ಬೇರೊಬ್ಬರಿಗೆ ಕೊಡುವುದಿಲ್ಲ’ ಎಂಬ ಮಾತೇ ಅದು. ಇಂಥ ಮಾತಿಗೆ ಕಾನೂನು ಎಷ್ಟು ಬೆಲೆ ಕೊಡುತ್ತದೆ ಎಂಬುದನ್ನು ರುಜು ಹಾಕುವವರಲ್ಲಿ ಬಹುಮಂದಿ ಕೇಳುವುದಿಲ್ಲ, ಹಾಕಿಸಿಕೊಳ್ಳುವವರು ಹೇಳುವುದಿಲ್ಲ.

ತಾತನ ಕಾಗದದ ವಿಚಾರವು ಅತಿ ಹಳೆಯದು, ಅತಿ ಕ್ರೂರವಾದದ್ದು. ಮದುವೆಗೋ ಮರಣಕ್ಕೋ ಒಡೆಯನಿಂದ ಪಡೆದ ಸಾಲಕ್ಕಾಗಿ, ಅದು ತೀರುವತನಕ ಆತನ ಮನೆಯಲ್ಲಿಯೇ ದುಡಿಯತಕ್ಕದ್ದೆಂಬ ಕಟ್ಟಿಗೆ ಜೀತವೆಂದು ಹೆಸರು. ಸಾಲವು ತೀರುತ್ತಿರಲಿಲ್ಲವೆಂಬುದೇ ಅದರ ಗುಟ್ಟು. ಬ್ರಿಟಿಷ್ ಸರಕಾರವು ಇದಕ್ಕೆ ಕಾನೂನಿನ ಬೆಂಬಲವನ್ನೂ ಒದಗಿಸಿತ್ತು. ಮುಂಗಡ ಪಡೆದು ಕೆಲಸ ಬಿಟ್ಟುಹೋದ ಕೂಲಿಕಾರನನ್ನು ಮ್ಯಾಜಿಸ್ಟ್ರೇಟರ ಮುಂದೆ ಎಳೆತಂದು, ಕೆಲಸಕ್ಕೆ ಹಿಂದಿರುಗದಿದ್ದರೆ ಸೆರೆಮನೆಗೆ ಕಳುಹಿಸುವ ಅಧಿಕಾರವನ್ನು 1859ರ ಒಂದು ಶಾಸನವು ಕೊಟ್ಟಿತು. ಸಾಲ ಕೊಟ್ಟವನು ಮಾತು ತಪ್ಪಿದರೆ ಸಿವಿಲ್ ವ್ಯಾಜ್ಯ, ಸಾಲ ಪಡೆದವನು ತಪ್ಪಿದರೆ ಸೆರೆವಾಸ! ಆ ಶಾಸನವು 1925ರಲ್ಲಿ ರದ್ದಾಯಿತು. ಜೀತವನ್ನು ಬೇರುಸಹಿತ ಕೀಳುವ ಕಾಯಿದೆ ಬರಲು ಇನ್ನೂ ಅರ್ಧ ಶತಮಾನ ಹಿಡಿಯಿತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಾಗಿ ಹೊರಟ ಅದು 1976ರಲ್ಲಿ ಜೀತಪದ್ಧತಿ ರದ್ದಿಯಾತಿ ಕಾಯಿದೆಯಾಗಿ ನಿಂತಿತು.

ಆ ಕಾಯಿದೆಯು ಜೀತಕ್ಕೆ ಕೊಟ್ಟ ಲಕ್ಷಣವು ಗಮನಾರ್ಹವಾಗಿದೆ. ಕೂಲಿಯಿಲ್ಲದೆ ದುಡಿಸುವುದು ಮಾತ್ರವೇ ಜೀತವಲ್ಲ. ಮುಂಗಡದ ಕಾರಣದಿಂದ ಒಬ್ಬನು ಬೇರೆ ಉದ್ಯೋಗವನ್ನು ಹಿಡಿಯುವ ಸ್ವಾತಂತ್ರ್ಯವನ್ನು ಕಳೆದುಕೊಂಡರೆ ಅದೂ ಜೀತ. ದೇಶದಲ್ಲಿ ಇಷ್ಟಬಂದಲ್ಲಿಗೆ ಹೋಗುವ ಹಕ್ಕನ್ನು ಕಳೆದುಕೊಂಡರೆ ಅದೂ ಜೀತ. ತಾನು ಬೆಳೆದುದನ್ನು ಪೇಟೆಯ ಬೆಲೆಗೆ ಮಾರುವ ಹಕ್ಕನ್ನು ಕಳೆದುಕೊಂಡರೂ ಜೀತವೇ. ಇಂಥ ಸಾಲವನ್ನು ಕಾಯಿದೆಯು ಮನ್ನಾ ಮಾಡಿದೆ. ಜೀತಕ್ಕೆ ಹಿಡಿದವನಿಗೆ ಮೂರು ವರ್ಷಗಳವರೆಗೆ ಶಿಕ್ಷೆಯುಂಟು. ಆದರೂ 2000ನೆಯ ಇಸವಿಯಲ್ಲಿ, ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲುಗಣಿಯಲ್ಲಿ, ಕಾಲಿಗೆ ಕಬ್ಬಿಣದ ಸರಪಣಿ ತೊಡಿಸಲ್ಪಟ್ಟ ಕೂಲಿಗಾರರು ಪತ್ತೆಯಾದರು. ಕಾಯಿದೆ ಬಂದು ಇಪ್ಪತ್ತನಾಲ್ಕು ವರ್ಷಗಳಾಗಿದ್ದವು. ಕನ್ನಂಬಾಡಿ ಕಟ್ಟೆಯ ದೀಪಗಳನ್ನು ನೋಡಲು ಜನ ಬಸ್ಸುಗಳಲ್ಲಿ ಬರುವ ಸೀಮೆಯಲ್ಲಿಯೇ ಇದು ನಡೆದದ್ದು.

ಸರಪಣಿಯು ಕಣ್ಣಿಗೆ ಕಾಣುತ್ತದೆ. ಮಗನ ಟ್ರಂಕಿನಲ್ಲಿರುವ ಕಾಗದದ ಕಟ್ಟು ಹಾಗೆ ಕಾಣುವಂಥದಲ್ಲ. ‘ನಮ್ಮ ಸಂಸ್ಥೆಯನ್ನು ಬಿಟ್ಟ ಮೇಲೆ ಎರಡು ವರ್ಷಗಳ ಕಾಲ ಇದೇ ಬಗೆಯ ವ್ಯವಹಾರ ನಡೆಸುವ ಬೇರಾವ ಸಂಸ್ಥೆಯನ್ನೂ ಸೇರತಕ್ಕದ್ದಲ್ಲ, ಸ್ವತಃ ಅಂಥ ವ್ಯವಹಾರವನ್ನು ಆರಂಭಿಸತಕ್ಕದ್ದಲ್ಲ’ ಎಂದು ಅದರಲ್ಲಿ ನವಿರಾದ ಭಾಷೆಯಲ್ಲಿ ಬರೆದಿರುತ್ತದೆ. ಕಲಿತದ್ದು ಒಂದೇ ಕಸುಬು. ಅದನ್ನು ಎರಡು ವರ್ಷ ಮಾಡಕೂಡದೆಂದರೆ ಉಣ್ಣುವುದೇನು? ಊರಿಗೆ ಹಿಂದಿರುಗಿ ಕಬ್ಬಿಗೆ ನೀರು ಕಟ್ಟಬೇಕೆ? ಹಾಗೆ ಮಾಡುವುದು ಹೀನವೆಂದಲ್ಲ. ಆದರೆ ತಂದೆಯು ಸಾಲ ಮಾಡಿ ಓದಿಸಿದ್ದು ಅದಕ್ಕಲ್ಲವಷ್ಟೆ.

ಈ ಪ್ರಶ್ನೆಗೆ ನಮ್ಮ ದೇಶದ ಕಾನೂನು ಕೊಟ್ಟಿರುವ ಉತ್ತರವು ಆಶ್ಚರ್ಯಕರವಾಗಿ ಚಿಕ್ಕದು. 1872ರ ಭಾರತೀಯ ಕರಾರು ಕಾಯಿದೆಯ 27ನೆಯ ಕಲಮಿನ ಸಾರವಿದು: ಯಾವನೇ ಆಗಲಿ ನ್ಯಾಯಸಮ್ಮತವಾದ ವೃತ್ತಿ, ವ್ಯಾಪಾರ ಅಥವಾ ವ್ಯವಹಾರವನ್ನು ನಡೆಸದಂತೆ ತಡೆಯುವ ಒಪ್ಪಂದವು, ಎಷ್ಟರಮಟ್ಟಿಗೆ ತಡೆಯುತ್ತದೆಯೋ ಅಷ್ಟರಮಟ್ಟಿಗೆ ಅನೂರ್ಜಿತ. ಅನೂರ್ಜಿತವೆಂದರೆ ತಪ್ಪು ಎಂದಲ್ಲ, ದಂಡನೀಯವೆಂದೂ ಅಲ್ಲ. ನ್ಯಾಯಾಲಯದ ಕಣ್ಣಿಗೆ ಅದು ಬರೆಯದ ಕಾಗದಕ್ಕೆ ಸಮಾನ. ಛಾಪಾ ಕಾಗದವು ಎಷ್ಟೇ ರೂಪಾಯಿನದಾಗಿರಲಿ, ಸಾಕ್ಷಿಗಳು ಎಷ್ಟೇ ಜನರಿರಲಿ, ರುಜುವನ್ನು ಮನಸಾರೆ ಹಾಕಿದ್ದಾಗಲಿ ಒಲ್ಲದೆ ಹಾಕಿದ್ದಾಗಲಿ, ಇಲ್ಲದ್ದು ಇದ್ದದ್ದಾಗುವುದಿಲ್ಲ.

ಈ ಕಲಮು ಬಂದ ದಾರಿ ವಿಚಿತ್ರವಾದದ್ದು. ಕರಾರು ಕಾಯಿದೆಯ ಉಳಿದ ಬಹುಭಾಗವು ಇಂಗ್ಲೆಂಡಿನ ನ್ಯಾಯಪದ್ಧತಿಯ ಮಗು. ಇದೊಂದು ಮಾತ್ರ ಬೇರೆ ಮನೆಯ ಕೂಸು. ಇಂಗ್ಲೆಂಡಿನಲ್ಲಿ ಈ ವಿಷಯದ ವ್ಯಾಜ್ಯಗಳು 1414ರಷ್ಟು ಹಿಂದಿನಿಂದಲೇ ದಾಖಲೆಯಾಗಿವೆ. ಬಟ್ಟೆಗೆ ಬಣ್ಣ ಕಟ್ಟುವ ಒಬ್ಬ ಕಸುಬುಗಾರನು ಅರ್ಧ ವರ್ಷದ ಕಾಲ ಊರಿನಲ್ಲಿ ತನ್ನ ಕಸುಬು ಮಾಡುವುದಿಲ್ಲವೆಂದು ಬರೆದುಕೊಟ್ಟಿದ್ದನು. ಬರೆಸಿಕೊಂಡವನು ದಾವೆ ಹೂಡಿದನು. ನ್ಯಾಯಾಧೀಶನಾದ ಹಲ್ ಎಂಬಾತನು ಕೆರಳಿ, ದೇವರ ಮೇಲೆ ಆಣೆಯಿಟ್ಟು, ದಾವೆ ಹೂಡಿದವನು ಎದುರಿಗಿದ್ದಿದ್ದರೆ ಅರಸನಿಗೆ ದಂಡ ತೆರುವವರೆಗೆ ಸೆರೆಗೆ ತಳ್ಳುತ್ತಿದ್ದೆನೆಂದು ಗರ್ಜಿಸಿದನಂತೆ. ಆ ಕಾವು ಮುಂದಿನ ಶತಮಾನಗಳಲ್ಲಿ ಆರುತ್ತ ಬಂತು. 1711ರಲ್ಲಿ ಲಂಡನ್ನಿನ ರೊಟ್ಟಿಯ ಭಟ್ಟಿಯೊಂದನ್ನು ಐದು ವರ್ಷಕ್ಕೆ ಬಾಡಿಗೆಗೆ ಕೊಟ್ಟವನು, ಅಷ್ಟು ಕಾಲ ಅದೇ ಪೇಟೆಯಲ್ಲಿ ರೊಟ್ಟಿ ಸುಡುವುದಿಲ್ಲವೆಂದು ಒಪ್ಪಿದ್ದು ನ್ಯಾಯವೇ ಎಂದು ತೀರ್ಪಾಯಿತು. 1894ರ ವೇಳೆಗೆ, ಫಿರಂಗಿ ತಯಾರಿಸುವ ನಾರ್ಡನ್‌ಫೆಲ್ಟನು ತನ್ನ ವ್ಯವಹಾರವನ್ನು ಮಾರಿ, ಇಪ್ಪತ್ತೈದು ವರ್ಷಗಳ ಕಾಲ ಪ್ರಪಂಚದಲ್ಲೆಲ್ಲಿಯೂ ಆ ಉದ್ಯಮಕ್ಕೆ ಕೈ ಹಾಕೆನೆಂದು ಕೊಟ್ಟ ಮಾತನ್ನು ಸಹ ಅಲ್ಲಿನ ಅತ್ಯುನ್ನತ ನ್ಯಾಯಪೀಠವು ಎತ್ತಿಹಿಡಿಯಿತು. ನಿರ್ಬಂಧವು ಯುಕ್ತವಾಗಿದ್ದರೆ ಸಿಂಧು, ಅಯುಕ್ತವಾಗಿದ್ದರೆ ಅಸಿಂಧು ಎಂಬುದು ಅವರ ಸೂತ್ರ.

ನಮ್ಮ 27ನೆಯ ಕಲಮು ಈ ತಕ್ಕಡಿಯನ್ನೇ ಇಟ್ಟುಕೊಳ್ಳಲಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯಕ್ಕಾಗಿ ಡೇವಿಡ್ ಡಡ್ಲಿ ಫೀಲ್ಡ್ ಎಂಬ ವಕೀಲನು ಸಿದ್ಧಪಡಿಸಿದ್ದ ಸಂಹಿತೆಯ ಕರಡಿನಿಂದ ಅದನ್ನು ಎತ್ತಿಕೊಳ್ಳಲಾಯಿತು. ನ್ಯೂಯಾರ್ಕ್ ಆ ಸಂಹಿತೆಯನ್ನು ತಾನೇ ಅಂಗೀಕರಿಸಲಿಲ್ಲ! ಅಂಗೀಕರಿಸಿದ್ದು ದೂರದ ಕ್ಯಾಲಿಫೋರ್ನಿಯಾ. ಅದೂ ಅದೇ 1872ರಲ್ಲಿ. ಹೀಗಾಗಿ ಇಂದು ಮಂಡ್ಯ ಜಿಲ್ಲೆಯ ಮನೆಯ ಒಬ್ಬ ಮಗನು ಬೆಂಗಳೂರಿನಲ್ಲಿಯೂ ಇನ್ನೊಬ್ಬನು ಕ್ಯಾಲಿಫೋರ್ನಿಯಾದಲ್ಲಿಯೂ ಕಂಪ್ಯೂಟರಿನ ಕೆಲಸಕ್ಕಿದ್ದರೆ, ಈ ಒಂದು ವಿಷಯದಲ್ಲಿ ಇಬ್ಬರನ್ನೂ ಕಾಯುವುದು ಒಂದೇ ಲೇಖನಿಯಿಂದ ಹೊರಟ ವಾಕ್ಯ. ಅಮೆರಿಕದ ಉಳಿದ ಬಹುಪಾಲು ರಾಜ್ಯಗಳಲ್ಲಿ ಆ ಭಾಗ್ಯವಿಲ್ಲ. ಅಲ್ಲಿ ರಾಜ್ಯಕ್ಕೊಂದು ಕಾನೂನು. ಮಿನ್ನೆಸೋಟ ರಾಜ್ಯವು 2023ರ ಜುಲೈಯಿಂದೀಚೆಗಿನ ಇಂಥ ಕರಾರುಗಳನ್ನು ನಿಷೇಧಿಸಿತು. 2024ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವಂತೆ ಕೇಂದ್ರದ ಆಯೋಗವೊಂದು ಹೊರಡಿಸಿದ ನಿಯಮವು ಜಾರಿಗೆ ಬರುವ ಮೊದಲೇ ಟೆಕ್ಸಾಸಿನ ಫೆಡರಲ್ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಮರುವರ್ಷ ಆಯೋಗವೇ ಮೇಲ್ಮನವಿಯನ್ನು ಕೈಬಿಟ್ಟಿತು.

ನಮ್ಮ ಕಲಮು ಒರಟಾದದ್ದು, ವ್ಯಾಪಾರದ ಸೂಕ್ಷ್ಮಗಳನ್ನರಿಯದ್ದು ಎಂದು ದೊಡ್ಡ ದೊಡ್ಡ ಕಾನೂನು ಪಂಡಿತರು ಆಕ್ಷೇಪಿಸಿದ್ದಾರೆ. 1958ರಲ್ಲಿ ಭಾರತದ ಕಾನೂನು ಆಯೋಗವು ತನ್ನ 13ನೆಯ ವರದಿಯಲ್ಲಿ, ಯುಕ್ತವಾದ ನಿರ್ಬಂಧಗಳಿಗೆ ಎಡೆಗೊಡುವಂತೆ ಅದನ್ನು ತಿದ್ದಬೇಕೆಂದು ಶಿಫಾರಸು ಮಾಡಿತು. ಸಂಸತ್ತು ತಿದ್ದಲಿಲ್ಲ. ತಿದ್ದದಿದ್ದುದೇ ಒಳ್ಳೆಯದಾಯಿತೆಂದು ತೋರುತ್ತದೆ. ಯುಕ್ತವೋ ಅಯುಕ್ತವೋ ಎಂಬುದನ್ನು ತೂಗಿ ಹೇಳಬೇಕಾದವರು ನ್ಯಾಯಾಧೀಶರು. ನ್ಯಾಯಾಧೀಶರ ಬಳಿಗೆ ಹೋಗಲು ವಕೀಲರು ಬೇಕು. ವಕೀಲರಿಗೆ ಹಣ ಬೇಕು. ಹಣವಿರುವುದು ಕಂಪೆನಿಯ ಬಳಿ. ತಕ್ಕಡಿಯ ನ್ಯಾಯವು ಶ್ರೀಮಂತರಿಬ್ಬರ ನಡುವೆ ಸೊಗಸು. ಬಸ್ಸಿನ ಚಾರ್ಜಿಗೆ ಲೆಕ್ಕ ಹಾಕುವವನಿಗೆ, ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದಾದ ಒರಟು ಕಾನೂನೇ ಆಸರೆ.

ಹಾಗೆಂದು ಆ ಒರಟುತನವು ಯಾರನ್ನೂ ನೋಯಿಸಲಿಲ್ಲವೆಂದಲ್ಲ. ಕಾಯಿದೆ ಬಂದ ಎರಡೇ ವರ್ಷಗಳಲ್ಲಿ, 1874ರಲ್ಲಿ, ಕಲ್ಕತ್ತೆಯ ಹೈಕೋರ್ಟಿನ ಮುಂದೆ ಕಂಚುಗಾರರ ವ್ಯಾಜ್ಯವೊಂದು ಬಂತು. ಒಂದೇ ಕೇರಿಯಲ್ಲಿ ಹಿತ್ತಾಳೆ ಕೆಲಸದ ಅಂಗಡಿಗಳು ಒಂದಕ್ಕೊಂದು ಪೈಪೋಟಿಯಾಗಿ ನಡೆಯುತ್ತಿದ್ದವು. ಪೈಪೋಟಿಯಿಂದ ನಷ್ಟಕ್ಕೊಳಗಾದ ಒಂದು ಪಕ್ಷದವರು ಎದುರಾಳಿಗೆ, ‘ನೀನು ಈ ಕೇರಿಯಲ್ಲಿ ಅಂಗಡಿ ಮುಚ್ಚು, ನಿನ್ನ ಕೆಲಸಗಾರರಿಗೆ ಕೊಟ್ಟಿರುವ ಮುಂಗಡದ 900 ರೂಪಾಯಿಗಳನ್ನು ನಾವು ಕೊಡುತ್ತೇವೆ’ ಎಂದು ಒಪ್ಪಿದರು. ಆತನು ಮಾತಿಗೆ ಕಟ್ಟುಬಿದ್ದು ಅಂಗಡಿ ಮುಚ್ಚಿದನು. ಇವರು ಹಣ ಕೊಡಲಿಲ್ಲ. ಆತನು ದಾವೆ ಹೂಡಿದನು. ಮುಖ್ಯ ನ್ಯಾಯಾಧೀಶ ರಿಚರ್ಡ್ ಕೌಚ್‌ರವರು, ಒಂದು ಕೇರಿಯಷ್ಟಕ್ಕೆ ಸೀಮಿತವಾದರೂ ಅದು ವ್ಯಾಪಾರಕ್ಕೆ ತಡೆಯೇ. ಆದಕಾರಣ ಒಪ್ಪಂದವು ಅನೂರ್ಜಿತ, ಹಣವನ್ನು ಕೇಳುವಂತಿಲ್ಲ ಎಂದು ತೀರ್ಮಾನಿಸಿದರು. ಮಾತು ಉಳಿಸಿಕೊಂಡವನು ಅಂಗಡಿಯನ್ನೂ ಕಳೆದುಕೊಂಡ, ಹಣವನ್ನೂ ಕಳೆದುಕೊಂಡ. ಮಾತು ತಪ್ಪಿದವರು ಗೆದ್ದರು. ಕಾನೂನಿಗೂ ಧರ್ಮಕ್ಕೂ ನಡುವೆ ಇರುವ ದೂರವನ್ನು ಅಳೆಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗಲಾರದು. ಆದರೂ ಆ ತೀರ್ಪು ಒಂದೂವರೆ ಶತಮಾನದಿಂದ ನಿಂತಿದೆ. ‘ತಡೆ ಸ್ವಲ್ಪವೇ ಆದ್ದರಿಂದ ನಡೆಯುತ್ತದೆ’ ಎಂಬ ವಾದಕ್ಕೆ ಅಂದಿನಿಂದ ಬಾಗಿಲು ಮುಚ್ಚಿತು.

ವ್ಯಾಪಾರಿಗಳಿಗೆ ಕಾನೂನು ಬಿಟ್ಟಿರುವ ದಾರಿಗಳೂ ಉಂಟು. ಕೃಷ್ಣರಾಜಪೇಟೆಯ ಬಸ್ ನಿಲ್ದಾಣದ ಬಳಿ ಹೆಸರುವಾಸಿಯಾದ ಒಂದು ಹೋಟೆಲನ್ನು ಯಾರೋ ಕೊಂಡರೆನ್ನೋಣ. ಕೊಟ್ಟ ಹಣ ಬರಿಯ ಬೆಂಚು, ಪಾತ್ರೆಗಳಿಗಲ್ಲ. ಆ ಹೆಸರಿಗೆ, ಗಿರಾಕಿಗಳ ನಂಬಿಕೆಗೆ, ವ್ಯಾಪಾರಿಗಳು ಗುಡ್‌ವಿಲ್ ಎಂದು ಕರೆಯುವ ಆ ಕಣ್ಣಿಗೆ ಕಾಣದ ಸ್ವತ್ತಿಗೆ. ಮಾರಿದವನು ಮರುದಿನವೇ ಪಕ್ಕದ ಮಳಿಗೆಯಲ್ಲಿ ಒಲೆ ಹೂಡಿದರೆ ಕೊಂಡವನ ಗತಿಯೇನು? ಆದ್ದರಿಂದ ಗುಡ್‌ವಿಲ್ಲನ್ನು ಮಾರಿದವನು, ಇಂತಿಷ್ಟು ಎಲ್ಲೆಯೊಳಗೆ, ಕೊಂಡವನು ಆ ವ್ಯಾಪಾರವನ್ನು ನಡೆಸುವವರೆಗೆ, ತಾನು ಅದೇ ವ್ಯಾಪಾರ ಮಾಡುವುದಿಲ್ಲವೆಂದು ಬರೆದುಕೊಡಬಹುದು. ಎಲ್ಲೆಯು ನ್ಯಾಯವೆನಿಸುವಷ್ಟಿರಬೇಕು. ಪೇಟೆಯ ಹೋಟೆಲನ್ನು ಕೊಂಡು, ಮೈಸೂರಿನಲ್ಲಿಯೂ ಇಡ್ಲಿ ಬೇಯಿಸಕೂಡದೆಂದರೆ ನಡೆಯುವುದು ಕಷ್ಟ. ಪಾಲುದಾರರಿಗೆ 1932ರ ಪಾಲುದಾರಿಕೆ ಕಾಯಿದೆಯಲ್ಲಿ ಪ್ರತ್ಯೇಕ ಅವಕಾಶವಿದೆ: ಪಾಲಿನಲ್ಲಿರುವಷ್ಟು ಕಾಲ ಬೇರೆ ವ್ಯಾಪಾರ ಮಾಡೆನೆಂದು ಒಪ್ಪಬಹುದು, ಪಾಲು ಬಿಟ್ಟುಹೋಗುವವನು ನಿಯತವಾದ ಕಾಲ ಅಥವಾ ಸ್ಥಳದ ಮಿತಿಯೊಳಗೆ ಪೈಪೋಟಿ ಮಾಡೆನೆಂದೂ ಒಪ್ಪಬಹುದು. ಅದೂ ಯುಕ್ತವಾಗಿರಬೇಕು.

ಇನ್ನು ತಂದೆಯ ಒಪ್ಪಿಗೆ ಚೀಟಿ. ಮಂಡ್ಯ ಸೀಮೆಯಲ್ಲಿ ಒಪ್ಪಿಗೆ ಎಂದರೆ ಯಾವುದರ ಒಪ್ಪಿಗೆಯೆಂದು ಯಾರೂ ಕೇಳುವುದಿಲ್ಲ, ಕಬ್ಬಿನದೇ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಹುಟ್ಟಿದಂದಿನಿಂದ ಕಬ್ಬಿನ ರೈತನೂ ಕಾರ್ಖಾನೆಯೂ ಹೀಗೆ ಕಾಗದದಿಂದ ಕಟ್ಟುಬಿದ್ದಿದ್ದಾರೆ. ಪಾಂಡವಪುರದಲ್ಲಿ ಸಹಕಾರಿ ಕಾರ್ಖಾನೆ, ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ ಖಾಸಗಿ ಕಾರ್ಖಾನೆ, ಹೀಗೆ ಒಂದೊಂದಕ್ಕೂ ತನ್ನ ಸೀಮೆ. 1966ರ ಕಬ್ಬು ನಿಯಂತ್ರಣ ಆಜ್ಞೆಯ ಮೇರೆಗೆ ಸರಕಾರವು ಇಂತಿಂಥ ಗ್ರಾಮಗಳ ಕಬ್ಬು ಇಂಥ ಕಾರ್ಖಾನೆಗೆಂದು ಮೀಸಲಿಡಬಹುದು. ರೈತನು ಒಪ್ಪಂದ ಬರೆದುಕೊಡಬೇಕೆಂದು, ಇಷ್ಟು ಕಬ್ಬನ್ನು ಅಲ್ಲಿಗೇ ಸಾಗಿಸಬೇಕೆಂದು ಆಜ್ಞಾಪಿಸಬಹುದು. ಆಲೆಮನೆಯವನು ಟನ್ನಿಗೆ ಹೆಚ್ಚು ಹಣ ಹಿಡಿದು ಗದ್ದೆಯ ಬದುವಿಗೆ ಬಂದು ನಿಂತಾಗ ರೈತನು ನೆನೆಯಬೇಕಾದದ್ದು ಈ ಕಾಗದವನ್ನೇ.

27ನೆಯ ಕಲಮು ಇಲ್ಲಿ ರೈತನ ನೆರವಿಗೆ ಬರಲಾರದು. ಏಕೆಂದರೆ ಇದು ಇಬ್ಬರು ಖಾಸಗಿಯವರು ಕೂಡಿ ಮಾಡಿಕೊಂಡ ತಡೆಯಲ್ಲ, ಸರಕಾರವು ಶಾಸನದ ಬಲದಿಂದ ವಿಧಿಸಿದ ತಡೆ. ಉತ್ತರ ಪ್ರದೇಶದ ಕಬ್ಬು ಕಾನೂನನ್ನು ಅಲ್ಲಿನ ಬೆಳೆಗಾರರು ಪ್ರಶ್ನಿಸಿದಾಗ, 1956ರಲ್ಲಿ ಟೀಕಾ ರಾಮ್‌ಜಿ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಅಂಥ ಏರ್ಪಾಡನ್ನು ಎತ್ತಿಹಿಡಿಯಿತು. ಆದರೆ ರೈತನ ಕೈ ಕಟ್ಟಿದ ಆಜ್ಞೆಯೇ ಕಾರ್ಖಾನೆಯ ಕೈಯನ್ನೂ ಕಟ್ಟಿದೆ. ಕಬ್ಬು ತಲುಪಿದ ಹದಿನಾಲ್ಕು ದಿನಗಳೊಳಗೆ ಹಣ ಸಲ್ಲಿಸಬೇಕು. ತಡವಾದರೆ ವರ್ಷಕ್ಕೆ ನೂರಕ್ಕೆ ಹದಿನೈದರಂತೆ ಬಡ್ಡಿ ಕೊಡಬೇಕು. ಕಬ್ಬು ಮಾರಿ ತಿಂಗಳುಗಟ್ಟಲೆ ಹಣಕ್ಕಾಗಿ ಅಲೆದ ರೈತರು ಈ ಬಡ್ಡಿಯನ್ನು ಎಷ್ಟು ಸಲ ಕೇಳಿ ಪಡೆದಿದ್ದಾರೆ ಎಂಬುದನ್ನು ಅವರವರೇ ಹೇಳಬೇಕು. ಪಾಂಡವಪುರದ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಹಾಕಿತ್ತು. 2020ರಲ್ಲಿ ದೀರ್ಘಾವಧಿಯ ಗುತ್ತಿಗೆಯ ಮೇಲೆ ಖಾಸಗಿಯವರ ವಶಕ್ಕೆ ಹೋದ ಮೇಲೆಯೇ ಅದರ ಚಿಮಣಿಯಲ್ಲಿ ಮತ್ತೆ ಹೊಗೆ ಕಂಡದ್ದು. ಅರೆಯುವವರಿಲ್ಲದೆ ಕಬ್ಬಿಗೆ ಸೂಲಂಗಿ ಬಂದು ಇಳುವರಿ ಇಳಿದುಹೋಗುವುದನ್ನು ನೋಡಿದ ರೈತನಿಗೆ, ಕಟ್ಟಿದ ಕೈಯ ನೋವು ಪುಸ್ತಕ ಓದಿ ತಿಳಿಯಬೇಕಾದ ವಿಷಯವಲ್ಲ.

ಮಗನ ಬಾಂಡಿನಲ್ಲಿ ಸರಕಾರದ ಆಜ್ಞೆಯಿಲ್ಲ, ಗುಡ್‌ವಿಲ್ಲಿನ ಮಾರಾಟವೂ ಇಲ್ಲ. ಆದಕಾರಣ 27ನೆಯ ಕಲಮು ಅಲ್ಲಿ ತನ್ನ ಪೂರ್ಣಬಲದಿಂದ ನಿಲ್ಲಬೇಕು. ನಿಲ್ಲುತ್ತದೆ ಕೂಡ, ಆದರೆ ಕೆಲಸ ಬಿಟ್ಟ ಮೇಲಿನ ಕಾಲಕ್ಕೆ ಮಾತ್ರ. ಕೆಲಸದಲ್ಲಿರುವಾಗ ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಕಾನೂನಿಗೂ ಸಮ್ಮತವೇ.

ಇದರ ಮೂಲವು ಒಂದು ಸಂಗೀತದ ಜಗಳ. 1852ರಲ್ಲಿ ಜರ್ಮನಿಯ ಗಾಯಕಿ ಯೊಹಾನ್ನ ವಾಗ್ನರ್, ಪ್ರಸಿದ್ಧ ಸಂಗೀತಕಾರ ರಿಚರ್ಡ್ ವಾಗ್ನರನ ಅಣ್ಣನ ಸಾಕುಮಗಳು, ಲಂಡನ್ನಿನ ಒಂದು ನಾಟಕಶಾಲೆಯಲ್ಲಿ ಮೂರು ತಿಂಗಳು ಹಾಡುವುದಾಗಿಯೂ, ಆ ಅವಧಿಯಲ್ಲಿ ಬೇರೆಲ್ಲಿಯೂ ಹಾಡುವುದಿಲ್ಲವೆಂದೂ ಒಪ್ಪಿದ್ದಳು. ಎದುರು ನಾಟಕಶಾಲೆಯವನು ಹೆಚ್ಚು ಹಣದ ಆಸೆ ತೋರಿಸಿದನು. ನ್ಯಾಯಾಲಯವು, ಆಕೆಯನ್ನು ಹಾಡೆಂದು ಬಲಾತ್ಕರಿಸಲು ಸಾಧ್ಯವಿಲ್ಲ. ಆದರೆ ಕರಾರಿನ ಅವಧಿಯಲ್ಲಿ ಬೇರೆ ಕಡೆ ಹಾಡದಂತೆ ತಡೆಯಬಹುದು ಎಂದಿತು. ನಮ್ಮ ದೇಶದ ಕಾನೂನು ಇಂದಿಗೂ ಈ ಭೇದವನ್ನೇ ಅನುಸರಿಸುತ್ತಿದೆ. ಬಿಟ್ಟುಹೋದ ನೌಕರನನ್ನು ಹಿಡಿದುತಂದು ಕುರ್ಚಿಯಲ್ಲಿ ಕೂರಿಸಿ ದುಡಿಸೆಂದು ಯಾವ ನ್ಯಾಯಾಲಯವೂ ಆಜ್ಞೆ ಮಾಡುವುದಿಲ್ಲ.

1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದ ಗೋಲಿಕರಿ ಮೊಕದ್ದಮೆಯು ಇದಕ್ಕೆ ನಮ್ಮದೇ ನಿದರ್ಶನ. ಮುಂಬಯಿಯ ಬಳಿಯ ಕಲ್ಯಾಣದಲ್ಲಿ ಸೆಂಚುರಿ ಕಂಪೆನಿಯು ಹಾಲೆಂಡಿನ ಸಂಸ್ಥೆಯೊಂದರಿಂದ ಟೈರಿಗೆ ಬೇಕಾದ ನೂಲಿನ ತಯಾರಿಕೆಯ ಗುಟ್ಟನ್ನು, ಅದನ್ನು ರಹಸ್ಯವಾಗಿಡುವ ಷರತ್ತಿನ ಮೇಲೆ, ಪಡೆದಿತ್ತು. ಐದು ವರ್ಷಕ್ಕೆ ಒಪ್ಪಿ ಸೇರಿ ತರಬೇತಿ ಪಡೆದ ಮೇಲ್ವಿಚಾರಕನು ನಡುವೆಯೇ ಬಿಟ್ಟು, ರಾಜಸ್ಥಾನದ ಕೋಟಾದಲ್ಲಿದ್ದ ಪ್ರತಿಸ್ಪರ್ಧಿ ಕಾರ್ಖಾನೆಯನ್ನು ತಿಂಗಳಿಗೆ 560 ರೂಪಾಯಿ ಸಂಬಳಕ್ಕೆ ಸೇರಿದನು. ಆ ಐದು ವರ್ಷ ಮುಗಿಯುವವರೆಗೆ ಅದೇ ಬಗೆಯ ಕೆಲಸಕ್ಕೆ ಅಲ್ಲಿ ನಿಲ್ಲಕೂಡದೆಂಬ ತಡೆಯಾಜ್ಞೆಯನ್ನು ನ್ಯಾಯಾಲಯವು ಎತ್ತಿಹಿಡಿಯಿತು. ಕಂಪೆನಿಗಳ ವಕೀಲರು ಈ ತೀರ್ಪನ್ನು ಇಂದಿಗೂ ಬಹಳ ಪ್ರೀತಿಯಿಂದ ಉದ್ಧರಿಸುತ್ತಾರೆ. ಅದು ಕರಾರಿನ ಅವಧಿಯೊಳಗಿನ ಮಾತೆಂಬುದನ್ನು ಅಷ್ಟೇ ಪ್ರೀತಿಯಿಂದ ಹೇಳುವುದಿಲ್ಲ.

ಅವಧಿಯ ಆಚೆಗಿನ ಮಾತು 1980ರಲ್ಲಿ ಬಂತು. ಸರಕುಗಳ ತಪಾಸಣೆ ಮಾಡುವ ಕಂಪೆನಿಯೊಂದರ ದೆಹಲಿ ಶಾಖೆಯ ವ್ಯವಸ್ಥಾಪಕನು, ಕೆಲಸ ಬಿಟ್ಟಮೇಲೆ ಎರಡು ವರ್ಷ ಪೈಪೋಟಿ ಮಾಡೆನೆಂದು ಬರೆದುಕೊಟ್ಟಿದ್ದನು. ಕಂಪೆನಿಯೇ ಆತನನ್ನು ತೆಗೆದುಹಾಕಿತು. ಆತನು ಅದೇ ಬಗೆಯ ವ್ಯವಹಾರವನ್ನು ಸ್ವತಃ ಆರಂಭಿಸಿದಾಗ ತಡೆಯಾಜ್ಞೆ ಕೇಳಿತು! ಸರ್ವೋಚ್ಚ ನ್ಯಾಯಾಲಯವು ಕೊಡಲಿಲ್ಲ. 2006ರಲ್ಲಿ ಕ್ರಿಕೆಟ್ ಆಟಗಾರ ಜಹೀರ್ ಖಾನರ ವಿಷಯದಲ್ಲಿಯೂ, ಒಪ್ಪಂದ ಮುಗಿದ ಮೇಲೆ ಆಟಗಾರನ ಕೈ ಕಟ್ಟುವ ಷರತ್ತು ನಡೆಯದೆಂದು ಅದೇ ನ್ಯಾಯಾಲಯವು ಹೇಳಿತು. ಬಿಟ್ಟುಬಂದ ಸಂಸ್ಥೆಯ ಗುಟ್ಟಿನ ಕಾಗದಗಳನ್ನು, ಗಿರಾಕಿಗಳ ರಹಸ್ಯಪಟ್ಟಿಯನ್ನು ಜೊತೆಗೆ ಒಯ್ದು ಬಳಸಿಕೊಳ್ಳುವುದು ಬೇರೆಯ ವಿಷಯ. ಅದಕ್ಕೆ ಕಾನೂನಿನ ರಕ್ಷಣೆಯಿಲ್ಲ. ತಲೆಯೊಳಗಿನ ವಿದ್ಯೆ ನೌಕರನದು, ಬೀರುವಿನೊಳಗಿನ ಕಾಗದ ಯಜಮಾನನದು.

ಇಷ್ಟನ್ನು ಓದಿದ ತರುಣರು, ಹಾಗಾದರೆ ಬಾಂಡೆಲ್ಲವೂ ಸುಳ್ಳೆಂದು ಹಗುರವಾಗಿ ಉಸಿರು ಬಿಡಬಾರದು. ‘ಬೇರೆ ಕಡೆ ದುಡಿಯಬೇಡ’ ಎಂಬುದು ಒಂದು. ‘ಇಂತಿಷ್ಟು ಕಾಲಕ್ಕೆ ಮುಂಚೆ ಬಿಟ್ಟರೆ ಇಂತಿಷ್ಟು ಹಣ ಕೊಡು’ ಎಂಬುದು ಇನ್ನೊಂದು. ಎರಡನೆಯದಕ್ಕೆ ಕನ್ನಡಿಗರ ಬ್ಯಾಂಕೊಂದರಿಂದಲೇ ಈಚೆಗೆ ಹೊಸ ಬಲ ಬಂದಿದೆ.

1931ರಲ್ಲಿ ಮಂಗಳೂರಿನಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರ ಮುಂದಾಳುತನದಲ್ಲಿ ಹುಟ್ಟಿ, 1980ರಲ್ಲಿ ರಾಷ್ಟ್ರೀಕೃತವಾಗಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾದ ವಿಜಯ ಬ್ಯಾಂಕು, 2007ರಲ್ಲಿ ಒಬ್ಬ ಅಧಿಕಾರಿಯನ್ನು ನೇಮಿಸಿಕೊಂಡಿತು. ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಿಕೊಡಬೇಕೆಂಬುದು ಷರತ್ತು. ಆತನು 2009ರಲ್ಲಿ ಇನ್ನೊಂದು ಬ್ಯಾಂಕಿಗೆ ಹೋಗಲೆಂದು ರಾಜೀನಾಮೆಯಿತ್ತು, ಆಕ್ಷೇಪಣೆಯೊಡನೆ ಹಣ ಕಟ್ಟಿ, ಅದನ್ನು ಮರಳಿ ಕೊಡಿಸಬೇಕೆಂದು ಕರ್ನಾಟಕ ಹೈಕೋರ್ಟಿನ ಮೊರೆಹೊಕ್ಕನು. ಹೈಕೋರ್ಟಿನ ಏಕಸದಸ್ಯ ಪೀಠವೂ ವಿಭಾಗೀಯ ಪೀಠವೂ ಆತನ ಪರವಾಗಿ ತೀರ್ಪು ಕೊಟ್ಟವು. 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಈ ಷರತ್ತು ಬೇರೆ ಉದ್ಯೋಗವನ್ನು ತಡೆಯುವುದಿಲ್ಲ, ಬಿಟ್ಟುಹೋಗುವುದಕ್ಕೆ ಬೆಲೆ ಕಟ್ಟುತ್ತದೆ ಅಷ್ಟೆ. ಆದ್ದರಿಂದ 27ನೆಯ ಕಲಮಿಗೆ ವಿರುದ್ಧವಲ್ಲ. ಸರಕಾರಿ ಬ್ಯಾಂಕು ತನಗೆ ಬೇಕಾದವರನ್ನು ಬಾಗಿಲಲ್ಲಿ ನಿಂತು ಕರೆದುಕೊಳ್ಳುವಂತಿಲ್ಲ. ಪ್ರಕಟಣೆ ಹೊರಡಿಸಿ, ಎಲ್ಲರಿಗೂ ಅವಕಾಶ ಕೊಟ್ಟು, ಮತ್ತೆ ಆರಿಸಬೇಕು. ಆ ಹುದ್ದೆಯ ಸಂಬಳಕ್ಕೆ ಹೋಲಿಸಿದರೆ 2 ಲಕ್ಷವು ಅತಿಯಲ್ಲ. ನ್ಯಾಯಾಲಯದ ವಿಚಾರಸರಣಿ ಸ್ಥೂಲವಾಗಿ ಇದು.

ಈ ತೀರ್ಪನ್ನು ಇಂದು ಸಣ್ಣಪುಟ್ಟ ಕಂಪೆನಿಗಳೂ ಬೀಸಿ ತೋರಿಸುವ ಸಂಭವವಿದೆ. ಹಾಗೆ ತೋರಿಸಿದಾಗ ಕೇಳಬೇಕಾದ ಪ್ರಶ್ನೆಗಳು ಆ ತೀರ್ಪಿನೊಳಗೇ ಇವೆ. ಸಾರ್ವಜನಿಕ ಬ್ಯಾಂಕಿಗಿದ್ದ ಬಹಿರಂಗ ನೇಮಕದ ಹೊರೆ ಈ ಕಂಪೆನಿಗೆ ಎಲ್ಲಿದೆ? ತರಬೇತಿ ಎಂದು ಕರೆದದ್ದು ನಿಜವಾದ ತರಬೇತಿಯೋ, ಮೊದಲ ದಿನದಿಂದಲೇ ಮಾಡಿಸಿಕೊಂಡ ಕೆಲಸವೋ? ತಿಂಗಳಿಗೆ ಹದಿನೈದು ಸಾವಿರ ಕೊಟ್ಟು, ಬಿಟ್ಟರೆ ಮೂರು ಲಕ್ಷ ಕೊಡೆಂದು ಬರೆಸಿಕೊಂಡದ್ದು ಬೆಲೆಯೋ ಬೇಡಿಯೋ? ಕರಾರು ಕಾಯಿದೆಯ 74ನೆಯ ಕಲಮಿನ ಪ್ರಕಾರ, ಕಾಗದದಲ್ಲಿ ಬರೆದಿರುವ ಮೊತ್ತವು ಕೊಡಬೇಕಾದ ಮೊತ್ತವಲ್ಲ. ಅದು ಗರಿಷ್ಠ ಮಿತಿ. ಅದರೊಳಗೆ ಯುಕ್ತವೆನಿಸುವ ಪರಿಹಾರವನ್ನು ಮಾತ್ರ ನ್ಯಾಯಾಲಯವು ಕೊಡಿಸುತ್ತದೆ. ಮೊತ್ತವು ಹಣದ ವೇಷದಲ್ಲಿ ಬಂದ ಸರಪಣಿಯಾಗಿರುವ ಕಡೆ, ಆ ವೇಷವನ್ನು ಕಳಚುವುದು ನ್ಯಾಯಾಧೀಶರ ಕೆಲಸ. ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಇನ್ನಷ್ಟು ಎಚ್ಚರಿಕೆಯ ಮಾತುಗಳನ್ನು ಸೇರಿಸಿದ್ದರೆ ಬಡವರ ಮಕ್ಕಳಿಗೆ ಉಪಕಾರವಾಗುತ್ತಿತ್ತು.

ವಾಸ್ತವದಲ್ಲಿ ಇಂಥ ಜಗಳಗಳಲ್ಲಿ ಬಹುಪಾಲು ನ್ಯಾಯಾಲಯದವರೆಗೆ ಬರುವುದೇ ಇಲ್ಲ. ವಕೀಲರ ನೋಟೀಸೊಂದು ಊರಿನ ವಿಳಾಸಕ್ಕೆ ಬರುತ್ತದೆ. ಓದಬಲ್ಲವರಿಂದ ಓದಿಸಿಕೊಂಡ ತಂದೆಗೆ, ಅದರ ಕೆಳಗಿನ ಮೊಹರನ್ನು ನೋಡಿದೊಡನೆ ಜಮೀನು ಹರಾಜಿಗೆ ಬಂದಂತೆಯೇ ಭಾಸವಾಗುತ್ತದೆ. ‘ಹೋಗಿ ಕೈ ಕಾಲು ಹಿಡಿದು ಮತ್ತೆ ಸೇರಿಕೊಳ್ಳಪ್ಪ’ ಎನ್ನುತ್ತಾನೆ. ಅನೂರ್ಜಿತವಾದ ಷರತ್ತು ತನ್ನ ಕೆಲಸವನ್ನು ಹೀಗೆ ಮುಗಿಸಿರುತ್ತದೆ. ಅದನ್ನು ಬರೆಸಿದವರಿಗೂ ಅದು ನ್ಯಾಯಾಲಯದಲ್ಲಿ ನಿಲ್ಲದೆಂಬುದು ತಿಳಿದಿರುತ್ತದೆ. ನಿಲ್ಲಬೇಕಾದ ಸ್ಥಳ ನ್ಯಾಯಾಲಯವಲ್ಲ, ಆ ತಂದೆಯ ಎದೆ. ಅಂಕಪಟ್ಟಿಗಳ ಮೂಲಪ್ರತಿಯನ್ನು ಸೇರುವ ದಿನವೇ ಇಸಿದುಕೊಂಡು ಕಪಾಟಿನಲ್ಲಿಡುವ ಪದ್ಧತಿಯೂ ಕೆಲವು ಕಡೆ ಇದೆ. ಅಡವಿಟ್ಟ ಒಡವೆಯಂತೆ ಅವನ್ನು ಹಿಡಿದಿಡಲು ಕರಾರು ಕಾಯಿದೆಯಲ್ಲಿ ಎಲ್ಲಿಯೂ ಆಧಾರವಿಲ್ಲ. ಪರಿಶೀಲನೆಗೆ ತೋರಿಸಿ, ನಕಲನ್ನು ಕೊಟ್ಟು, ಮೂಲವನ್ನು ಮನೆಗೆ ತರುವುದೇ ವಿವೇಕ.

ನೋಟೀಸು ಬಂದ ಮಾತ್ರಕ್ಕೆ ದಾವೆಯಾಗಲಿಲ್ಲ, ದಾವೆಯಾದ ಮಾತ್ರಕ್ಕೆ ಡಿಕ್ರಿಯಾಗಲಿಲ್ಲ. ಹಣ ಕೇಳುವ ಕಂಪೆನಿಯು ಕರಾರು ಮುರಿದ ದಿನದಿಂದ ಮೂರು ವರ್ಷಗಳೊಳಗೆ ದಾವೆ ಹೂಡಬೇಕು; ತನಗೆ ನಷ್ಟವಾದ ಬಗೆಯನ್ನು ಹೇಳಬೇಕು. ನೋಟೀಸನ್ನು ಹರಿದು ಒಲೆಗೆ ಹಾಕದೆ, ರುಜು ಹಾಕಿದ ಕಾಗದದ ನಕಲು, ಸಂಬಳದ ಚೀಟಿಗಳು, ರಾಜೀನಾಮೆಯ ಪತ್ರ, ಅದು ತಲುಪಿದ ಗುರುತು ಇವನ್ನೆಲ್ಲ ಒಟ್ಟುಮಾಡಿ, ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯ ಕಚೇರಿಗೆ ಹೋಗಬಹುದು. 1987ರ ಕಾಯಿದೆಯ ಮೇರೆಗೆ ಹೆಂಗಸರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ, ಜೀತಕ್ಕೆ ಸಿಕ್ಕಿದವರಿಗೂ, ಕಾರ್ಖಾನೆಯ ಕಾರ್ಮಿಕರಿಗೂ, ಗೊತ್ತಾದ ವರಮಾನಕ್ಕಿಂತ ಕಡಿಮೆಯುಳ್ಳ ಇತರರಿಗೂ ಅಲ್ಲಿ ವಕೀಲರ ನೆರವು ಶುಲ್ಕವಿಲ್ಲದೆ ದೊರೆಯುತ್ತದೆ. ಸಿಂಧಘಟ್ಟದವರು ಅದಕ್ಕಾಗಿ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ಕೃಷ್ಣರಾಜಪೇಟೆಗೆ ಹೋದರೆ ಸಾಕು.